ಯಂತ್ರಗಳ ನೆರೆಹೊರೆ

ಒಂದೇ ಮನೆಯಲ್ಲಿ ಹತ್ತು ಜನ ಕೂಡಿ ಬಾಳಬೇಕಾದರೆ ಪ್ರತಿಯೊಬ್ಬರೂ ಎರಡು ವಿಷಯಗಳಲ್ಲಿ ಎಚ್ಚರದಿಂದಿರಬೇಕೆಂಬುದು ಗೃಹಸ್ಥರಾದವರಿಗೆಲ್ಲ ತಿಳಿದ ಮಾತು. ತನ್ನಿಂದ ಇತರರಿಗೆ ಉಪದ್ರವವಾಗದಂತೆ ನಡೆದುಕೊಳ್ಳುವುದು ಮೊದಲನೆಯದು. ಇತರರಿಂದ ಒದಗುವ ಅಲ್ಪಸ್ವಲ್ಪ ಉಪದ್ರವವನ್ನು ಸೈರಿಸಿಕೊಂಡು ತನ್ನ ಕೆಲಸ ಕೆಡದಂತೆ ನೋಡಿಕೊಳ್ಳುವುದು ಎರಡನೆಯದು. ಇವೆರಡರಲ್ಲಿ ಒಂದು ತಪ್ಪಿದರೂ ಮನೆಯಲ್ಲಿ ನೆಮ್ಮದಿ ಉಳಿಯದು. ಮನುಷ್ಯರ ಮಾತು ಹಾಗಿರಲಿ. ಇಂದು ನಮ್ಮ ಮನೆಗಳಲ್ಲಿ ಮನುಷ್ಯರಿಗಿಂತ ಹೆಚ್ಚು ಸಂಖ್ಯೆಯಲ್ಲಿ ಬಂದು ಸೇರಿರುವ ವಿದ್ಯುದ್ಯಂತ್ರಗಳಿಗೂ, ಆಕಾಶದಲ್ಲಿ ಸಂಚರಿಸುವ ಉಪಗ್ರಹಗಳಿಗೂ ಇದೇ ಧರ್ಮವು ವಿಧಿಸಲ್ಪಟ್ಟಿದೆ ಎಂಬ ಸಂಗತಿಯನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂಬುದು ನಮ್ಮ ಉದ್ದೇಶ.

ಅಡಿಗೆಮನೆಯಲ್ಲಿ ಮಿಕ್ಸಿ ತಿರುಗಿದೊಡನೆ ಪಡಸಾಲೆಯ ರೇಡಿಯೋ ಗೊರಗೊರನೆ ಗರ್ಜಿಸುವುದನ್ನು ಕೇಳದವರು ವಿರಳ. ಇದಕ್ಕೆ ಕಾರಣವೇನು? ಮಿಕ್ಸಿಯ ಒಳಗೆ ತಿರುಗುವ ಭಾಗಕ್ಕೆ ವಿದ್ಯುತ್ತನ್ನು ಮುಟ್ಟಿಸುವುದಕ್ಕಾಗಿ ಕಾರ್ಬನ್ ಬ್ರಷ್ ಎಂಬ ಎರಡು ಸಣ್ಣ ತುಂಡುಗಳು ಅದಕ್ಕೆ ಒರಸಿಕೊಂಡಿರುತ್ತವೆ. ತಿರುಗುವಾಗ ಸಂಪರ್ಕವು ಕೂಡುತ್ತಲೂ ಬಿಡುತ್ತಲೂ ಇರುವುದರಿಂದ ಅಲ್ಲಿ ಎಡೆಬಿಡದೆ ಕಿಡಿಗಳು ಹಾರುವುವು. ಎಲ್ಲಿ ಕಿಡಿ ಹಾರುವುದೋ ಅಲ್ಲಿಂದ ವಿದ್ಯುತ್ಕಾಂತ ತರಂಗಗಳು ಸುತ್ತಲೂ ಹೊರಡುವುವು. ರೇಡಿಯೋ ಪೆಟ್ಟಿಗೆಯಾದರೋ ತರಂಗಗಳನ್ನು ಹಿಡಿಯುವುದಕ್ಕೆಂದೇ ಹುಟ್ಟಿದ್ದು. ಇದು ನಿಲಯದಿಂದ ಬಂದ ಸಂಗೀತ, ಇದು ಚಟ್ನಿ ರುಬ್ಬುವ ಗದ್ದಲ ಎಂಬ ಭೇದವನ್ನು ಅದು ಅರಿಯದು. ಎರಡನ್ನೂ ಹಿಡಿದು ನಮ್ಮ ಕಿವಿಗೆ ಒಪ್ಪಿಸುವುದು. ಹೀಗೆ ಒಂದು ಯಂತ್ರದ ವಿದ್ಯುದ್ವ್ಯಾಪಾರವು ಇನ್ನೊಂದರ ಕೆಲಸವನ್ನು ಕೆಡಿಸುವುದಕ್ಕೆ ವಿದ್ಯುತ್ಕಾಂತ ಉಪದ್ರವವೆಂದು ಹೆಸರಿಡಬಹುದು. ನಾವು ಮೇಲೆ ಹೇಳಿದ ಎರಡು ನಿಯಮಗಳನ್ನೂ ಪಾಲಿಸುತ್ತ ಯಂತ್ರಗಳೆಲ್ಲ ಒಂದೆಡೆ ಬಾಳುವುದೇ ವಿದ್ಯುತ್ಕಾಂತ ಸಾಮರಸ್ಯ.

ಈ ಕಿಡಿಯ ಇತಿಹಾಸವು ಕುತೂಹಲಕರವಾದುದು. ವಿದ್ಯುತ್ಕಾಂತ ತರಂಗಗಳೆಂಬುವು ಇರಲೇಬೇಕೆಂದು ಮ್ಯಾಕ್ಸ್‌ವೆಲ್ ಪಂಡಿತನು ೧೮೬೦ರ ದಶಕದಲ್ಲಿ ಗಣಿತದಿಂದ ಸಾಧಿಸಿದ್ದನು. ಅವುಗಳನ್ನು ಪ್ರತ್ಯಕ್ಷವಾಗಿ ಉಂಟುಮಾಡಿ ತೋರಿಸಿದವನು ಜರ್ಮನಿಯ ಹೈನ್ರಿಷ್ ಹರ್ಟ್ಸ್. ೧೮೮೭-೮೮ರಲ್ಲಿ ಕಾರ್ಲ್ಸ್‌ರೂಹೆ ನಗರದಲ್ಲಿ ಅವನು ಎರಡು ಲೋಹದ ಗುಂಡುಗಳ ನಡುವೆ ಕಿಡಿ ಹಾರಿಸಿದಾಗ, ದೂರದಲ್ಲಿ ಯಾವ ಸಂಪರ್ಕವೂ ಇಲ್ಲದೆ ಇಟ್ಟಿದ್ದ ತಂತಿಯ ಬಳೆಯೊಂದರ ಸಂದಿನಲ್ಲಿಯೂ ಸಣ್ಣ ಕಿಡಿಯೊಂದು ಮಿನುಗಿತು. ಇಂದಿನ ರೇಡಿಯೋ, ಮೊಬೈಲು, ಉಪಗ್ರಹವಾರ್ತೆ ಎಲ್ಲಕ್ಕೂ ಅದೇ ಮೂಲ. ಹರ್ಟ್ಸ್ ಮಹಾಶಯನು ಬೇಕೆಂದು ಹಾರಿಸಿದ ಕಿಡಿಯೂ, ನಮ್ಮ ಮಿಕ್ಸಿಯು ಯಾರಿಗೂ ಬೇಡವಾಗಿ ಹಾರಿಸುವ ಕಿಡಿಯೂ ಒಂದೇ ಕುಲದವು. ಆದ್ದರಿಂದ ರೇಡಿಯೋ ಹುಟ್ಟಿದ ದಿನವೇ ಅದರ ಶತ್ರುವೂ ಹುಟ್ಟಿತೆನ್ನಬೇಕು.

ಮನೆಮನೆಗೂ ರೇಡಿಯೋ ಬಂದಂತೆಲ್ಲ ಟ್ರಾಂಗಾಡಿ, ಮೋಟಾರು, ಕಾರ್ಖಾನೆಗಳಿಂದ ಏಳುವ ಈ ಗದ್ದಲದ ವಿಷಯವಾಗಿ ದೇಶದೇಶಗಳಲ್ಲಿಯೂ ದೂರುಗಳೆದ್ದುವು. ತರಂಗಗಳಿಗೆ ರಾಜ್ಯಗಳ ಎಲ್ಲೆಕಟ್ಟುಗಳಿಲ್ಲವಾದ್ದರಿಂದ ಒಂದು ದೇಶ ನಿಯಮ ಮಾಡಿಕೊಂಡರೆ ಸಾಲದೆ, ೧೯೩೪ರಲ್ಲಿ ಸಿ.ಐ.ಎಸ್.ಪಿ.ಆರ್. ಎಂಬ ಅಂತರರಾಷ್ಟ್ರೀಯ ಸಮಿತಿಯು ಏರ್ಪಟ್ಟಿತು. ಯಾವ ಯಂತ್ರವು ಎಷ್ಟರ ಮಟ್ಟಿಗೆ ಗದ್ದಲ ಮಾಡಬಹುದು, ಅದನ್ನು ಅಳೆಯುವುದು ಹೇಗೆ ಎಂಬುದನ್ನು ನಿರ್ಣಯಿಸುವ ಆ ಸಮಿತಿಯು ಇಂದಿಗೂ ಕೆಲಸ ಮಾಡುತ್ತಿದೆ. ಅದರ ಮರುವರ್ಷ, ಎಂದರೆ ೧೯೩೫ರಲ್ಲಿ, ನಮ್ಮ ಮೈಸೂರಿನಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಸ್ವಂತ ಪ್ರಯತ್ನದಿಂದ ಪ್ರಸಾರ ನಿಲಯವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ್ದು. ಆಕಾಶದ ವಾಣಿ ನಮ್ಮ ನಾಡಿಗೆ ಬರುವ ಹೊತ್ತಿಗೆ, ಆಕಾಶದ ಗದ್ದಲವನ್ನು ಅಡಗಿಸುವ ಚಿಂತೆಯೂ ಲೋಕದಲ್ಲಿ ಮೊದಲಾಗಿದ್ದಿತು.

ಉಪದ್ರವಕ್ಕೆ ಮೂರು ಅಂಗಗಳುಂಟು: ಅದನ್ನು ಉಂಟುಮಾಡುವ ಮೂಲ, ಅದು ಸಾಗುವ ದಾರಿ, ಅದಕ್ಕೆ ಗುರಿಯಾಗುವ ಯಂತ್ರ. ದಾರಿಯೂ ಎರಡು ಬಗೆ. ಒಂದೇ ವಿದ್ಯುತ್ ತಂತಿಯನ್ನು ಹಂಚಿಕೊಂಡ ಎರಡು ಯಂತ್ರಗಳ ನಡುವೆ ಅದು ತಂತಿಯ ಮೂಲಕವೇ ಹರಿದು ಹೋಗಬಹುದು. ಇಲ್ಲವೆ ತರಂಗವಾಗಿ ಬಯಲಿನಲ್ಲಿ ಹಾದುಹೋಗಬಹುದು. ಮೂರು ಅಂಗಗಳಲ್ಲಿ ಯಾವುದಾದರೊಂದನ್ನು ಮುರಿದರೆ ಉಪದ್ರವವು ನಿಲ್ಲುವುದು.

ಮುರಿಯುವ ಉಪಾಯಗಳಲ್ಲಿ ಮುಖ್ಯವಾದುವು ನಾಲ್ಕು. ಮೊದಲನೆಯದು ಕವಚ. ಲೋಹದ ಪೆಟ್ಟಿಗೆಯೊಳಗೆ ಕುಳಿತವನಿಗೆ ಹೊರಗಿನ ವಿದ್ಯುತ್ತಿನ ಬಾಧೆ ತಟ್ಟದೆಂಬುದನ್ನು ಮೈಕೇಲ್ ಫ್ಯಾರಡೆಯು ೧೮೩೬ರಲ್ಲಿ ತಾನೇ ಅಂಥ ಪಂಜರವನ್ನು ಹೊಕ್ಕು ತೋರಿಸಿದನು. ಎರಡನೆಯದು ಶೋಧಕ, ಎಂದರೆ ಬೇಕಾದ ವಿದ್ಯುತ್ತನ್ನು ಬಿಟ್ಟು ಬೇಡವಾದ ಕಂಪನವನ್ನು ತಡೆಯುವ ಸಾಧನ. ಕಂಪ್ಯೂಟರಿನ ಕೆಲವು ತಂತಿಗಳ ತುದಿಯ ಬಳಿ ಹೆಬ್ಬೆಟ್ಟಿನ ಗಾತ್ರದ ಗಂಟೊಂದಿರುವುದನ್ನು ವಾಚಕರು ನೋಡಿರಬಹುದು. ಅದು ಅಲಂಕಾರಕ್ಕಾಗಿ ಇಟ್ಟದ್ದಲ್ಲ. ಕಬ್ಬಿಣದ ಆಕ್ಸೈಡು ಮೊದಲಾದುವನ್ನು ಕೂಡಿಸಿ ಸುಟ್ಟು ಮಾಡಿದ ಫೆರೈಟ್ ಎಂಬ ವಸ್ತುವಿನ ಬಳೆ ಅದರೊಳಗಿದೆ. ತಂತಿಯಲ್ಲಿ ಹರಿಯುವ ಅತಿವೇಗದ ಕಂಪನಗಳನ್ನು ಅದು ಹೀರಿ ಶಾಖವಾಗಿ ಮಾರ್ಪಡಿಸುವುದು. ಮೂರನೆಯದು ಹೋಗುವ ತಂತಿಯನ್ನೂ ಹಿಂದಿರುಗುವ ತಂತಿಯನ್ನೂ ಜಡೆಯಂತೆ ಹೊಸೆದು, ಒಂದರ ಪ್ರಭಾವವನ್ನು ಇನ್ನೊಂದರಿಂದ ಅಳಿಸುವುದು. ನಾಲ್ಕನೆಯದು ಎಲ್ಲಕ್ಕಿಂತ ಹಳೆಯದು: ದೂರ ಇಡುವುದು.

ಈ ಉಪಾಯಗಳೆಲ್ಲ ಪರೀಕ್ಷೆಗೆ ಗುರಿಯಾಗುವ ಸ್ಥಳವೆಂದರೆ ವ್ಯೋಮನೌಕೆ. ಹೇಗೆಂದರೆ, ಅದರ ಇಕ್ಕಟ್ಟಾದ ಒಡಲಿನಲ್ಲಿ ಗಟ್ಟಿಯಾಗಿ ಕೂಗುವ ಪ್ರೇಷಕವೂ, ಅತಿ ಮೆಲುದನಿಯನ್ನು ಆಲಿಸುವ ಗ್ರಾಹಕವೂ, ಮೋಟಾರುಗಳೂ, ಗಣಕಯಂತ್ರವೂ ಒಂದರ ಪಕ್ಕದಲ್ಲೊಂದು ಕುಳಿತಿರಬೇಕು. ಮೆಲುದನಿಯೆಂದರೆ ಎಷ್ಟು ಮೆಲುವು? ಮೊಬೈಲಿಗೆ ದಾರಿ ತೋರಿಸುವ ಜಿ.ಪಿ.ಎಸ್. ಉಪಗ್ರಹದ ಸಂಕೇತವನ್ನು ತೆಗೆದುಕೊಳ್ಳೋಣ. ಅದು ಸುಮಾರು ೨೦,೨೦೦ ಕಿಲೋಮೀಟರ್ ಎತ್ತರದಿಂದ ಇಳಿದು ನಮ್ಮ ಕೈಗೆ ಸಿಕ್ಕುವಾಗ, ಒಂದು ವ್ಯಾಟನ್ನು ಕೋಟಿ ಭಾಗ ಮಾಡಿ, ಅದರಲ್ಲೊಂದನ್ನು ಮತ್ತೆ ಕೋಟಿ ಭಾಗ ಮಾಡಿ, ಅದರಲ್ಲಿಯೂ ಒಂದನ್ನು ನೂರು ಭಾಗ ಮಾಡಿದರೆ ಬರುವಷ್ಟು ಬಲ ಮಾತ್ರ ಅದಕ್ಕೆ ಉಳಿದಿರುತ್ತದೆ. ಇಷ್ಟು ಕ್ಷೀಣವಾದ ಧ್ವನಿಯನ್ನು ಆಲಿಸುವ ಕಿವಿಯ ಬಳಿ ಅಲ್ಪವಾದ ಗದ್ದಲವೂ ಗುಡುಗೇ ಸರಿ. ಮತ್ತು ನಮ್ಮ ಮನೆಯ ಯಂತ್ರ ತಪ್ಪಿ ನಡೆದರೆ ರಿಪೇರಿಯವನನ್ನು ಕರೆಯಬಹುದು. ಮೇಲಕ್ಕೆ ಹೋದ ಉಪಗ್ರಹಕ್ಕೆ ಆ ಭಾಗ್ಯವಿಲ್ಲ. ಆದಕಾರಣ ಕಟ್ಟುವಾಗಲೇ ಈ ವಿಚಾರವನ್ನು ಮಾಡಿರಬೇಕು. ಬೆಂಗಳೂರಿನಲ್ಲಿ ನಮ್ಮ ದೇಶದ ಉಪಗ್ರಹಗಳನ್ನು ಕಟ್ಟುವಲ್ಲಿಯೂ, ಬೇರೆ ದೇಶಗಳಲ್ಲಿಯೂ, ತರಂಗಗಳು ಪ್ರತಿಫಲಿಸದಂತೆ ಗೋಡೆಗಳಿಗೆಲ್ಲ ಮೊನಚಾದ ಹೀರುಗೂಡುಗಳನ್ನು ಹೊದಿಸಿದ ಕೋಣೆಗಳುಂಟು. ಉಪಗ್ರಹವು ಎಷ್ಟು ಗದ್ದಲ ಮಾಡುತ್ತದೆ, ಎಷ್ಟನ್ನು ಸೈರಿಸುತ್ತದೆ ಎಂಬೆರಡನ್ನೂ ಅಲ್ಲಿ ಅಳೆದು ನೋಡಿದ ಮೇಲೆಯೇ ಅದಕ್ಕೆ ಪ್ರಯಾಣದ ಅಪ್ಪಣೆ.

ದೂರ ಇಡುವ ಉಪಾಯಕ್ಕೆ ನಮ್ಮ ನಾಡಿನದೇ ಒಂದು ನಿದರ್ಶನವಿದೆ. ಸೂರ್ಯನನ್ನು ಅಭ್ಯಸಿಸುವ ಆದಿತ್ಯ-ಎಲ್೧ ನೌಕೆಯು ೨೦೨೩ನೆಯ ಸೆಪ್ಟೆಂಬರ್ ೨ರಂದು ಹೊರಟು, ಭೂಮಿಯಿಂದ ಸುಮಾರು ೧೫ ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆಯನ್ನು ೨೦೨೪ನೆಯ ಜನವರಿ ೬ರಂದು ಸೇರಿತು. ಅಲ್ಲಿನ ಕಾಂತಕ್ಷೇತ್ರವನ್ನು ಅಳೆಯುವುದು ಅದರ ಕೆಲಸಗಳಲ್ಲೊಂದು. ಆ ಕ್ಷೇತ್ರವಾದರೋ ಭೂಮಿಯ ಮೇಲಣ ಕಾಂತಕ್ಷೇತ್ರದ ಸಹಸ್ರಾಂಶಕ್ಕಿಂತಲೂ ಕ್ಷೀಣವಾದುದು. ನೌಕೆಯೊಳಗಿನ ತಂತಿಗಳಲ್ಲಿ ವಿದ್ಯುತ್ತು ಹರಿದರೆ ಸಾಕು, ಅದರಿಂದಲೇ ಇದಕ್ಕಿಂತ ಹೆಚ್ಚಿನ ಕಾಂತವು ಹುಟ್ಟಬಹುದು. ಹೀಗಾದರೆ ಸೂರ್ಯನನ್ನು ಅಳೆಯಹೊರಟವನು ತನ್ನ ಅಂಗಿಯ ಗುಂಡಿಯನ್ನೇ ಅಳೆದುಕೊಂಡಂತೆ. ಆದ್ದರಿಂದ ನಿರ್ಮಾಪಕರು ೬ ಮೀಟರ್ ಉದ್ದದ, ಮಡಿಸಬಹುದಾದ ಐದು ಖಂಡಗಳ ಕೋಲೊಂದನ್ನು ನೌಕೆಗೆ ಜೋಡಿಸಿ, ಅದರ ತುದಿಯಲ್ಲೊಂದು, ೩ ಮೀಟರ್ ದೂರದಲ್ಲೊಂದು, ಹೀಗೆ ಎರಡು ಮಾಪಕಗಳನ್ನಿರಿಸಿದರು. ಜನವರಿ ೧೧ರಂದು ಆ ಕೋಲು ಬಿಚ್ಚಿಕೊಂಡಿತು. ಎರಡು ಮಾಪಕಗಳೇಕೆಂದರೆ, ನೌಕೆಯ ಸ್ವಂತ ಕಾಂತವು ಹತ್ತಿರದ ಮಾಪಕಕ್ಕೆ ಹೆಚ್ಚಾಗಿಯೂ ದೂರದ್ದಕ್ಕೆ ಕಡಮೆಯಾಗಿಯೂ ತೋರುವುದು. ಹೊರಗಿನ ಕ್ಷೇತ್ರವು ಎರಡಕ್ಕೂ ಸಮವಾಗಿ ತೋರುವುದು. ಆ ವ್ಯತ್ಯಾಸವನ್ನು ಲೆಕ್ಕಹಾಕಿ ನೌಕೆಯ ಪಾಲನ್ನು ಕಳೆದುಬಿಡಬಹುದು. ಈ ಮಾಪಕಗಳನ್ನು ರೂಪಿಸಿದ್ದು ಬೆಂಗಳೂರಿನ ಪ್ರಯೋಗಶಾಲೆಯಲ್ಲಿ. ೧೯೭೭ರಲ್ಲಿ ಅಮೆರಿಕದವರು ಕಳುಹಿಸಿದ ಎರಡು ವಾಯೇಜರ್ ನೌಕೆಗಳಲ್ಲಿ ಇಂಥದೇ ಕೋಲು ೧೩ ಮೀಟರ್ ಉದ್ದವಿದೆ.

ಇದು ಪರರಿಗೆ ಉಪದ್ರವ ಮಾಡದಿರುವ ಪಾಠವಾಯಿತು. ಸೈರಣೆಯ ಪಾಠಕ್ಕೆ ಅಪೊಲೊ ೧೨ ನೌಕೆಯ ಕಥೆಯನ್ನು ಹೇಳಬೇಕು. ೧೯೬೯ನೆಯ ನವೆಂಬರ್ ೧೪ರಂದು, ಮಳೆ ಮೋಡಗಳು ಕವಿದಿದ್ದ ಹೊತ್ತಿನಲ್ಲಿ, ಕಾನ್ರಾಡ್, ಗಾರ್ಡನ್, ಬೀನ್ ಎಂಬ ಮೂವರು ವ್ಯೋಮಯಾತ್ರಿಗಳು ಚಂದ್ರನತ್ತ ಹೊರಟರು. ಸುಮಾರು ೧೧೦ ಮೀಟರ್ ಉದ್ದದ ರಾಕೆಟ್ಟೂ, ಅದರ ಹಿಂದೆ ಉರಿಯುತ್ತಿದ್ದ ಜ್ವಾಲೆಯೂ ಕೂಡಿ ಮೋಡಕ್ಕೂ ನೆಲಕ್ಕೂ ನಡುವೆ ದೊಡ್ಡ ವಿದ್ಯುದ್ವಾಹಕವೇ ಆದುವು. ಹೊರಟ ೩೬ ಸೆಕೆಂಡುಗಳಿಗೆ ಸಿಡಿಲೆರಗಿತು. ೫೨ನೆಯ ಸೆಕೆಂಡಿನಲ್ಲಿ ಮತ್ತೊಂದು. ನೌಕೆಯ ವಿದ್ಯುತ್ಕೋಶಗಳು ಸಂಪರ್ಕ ಕಡಿದುಕೊಂಡುವು; ಎಚ್ಚರಿಕೆಯ ದೀಪಗಳೆಲ್ಲ ಒಮ್ಮೆಗೇ ಹೊತ್ತಿಕೊಂಡುವು; ನೆಲದ ಮೇಲಿನ ನಿಯಂತ್ರಣ ಕೇಂದ್ರಕ್ಕೆ ಬರುತ್ತಿದ್ದ ಅಂಕಿಗಳೆಲ್ಲ ಅರ್ಥವಿಲ್ಲದ ಗೊಂದಲವಾದುವು. ಆಗ ಕೇಂದ್ರದಲ್ಲಿ ವಿದ್ಯುತ್ತಿನ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಜಾನ್ ಏರನ್ ಎಂಬ ತರುಣ ಇಂಜಿನಿಯರು ಆ ಗೊಂದಲದ ರೀತಿಯನ್ನು ಹಿಂದೊಮ್ಮೆ ಒಂದು ಪರೀಕ್ಷೆಯ ಕಾಲದಲ್ಲಿ ಕಂಡಿದ್ದರು. ಸಂಕೇತಗಳನ್ನು ಹದಗೊಳಿಸುವ ಉಪಕರಣವೊಂದರ ಗುಂಡಿಯನ್ನು ಇನ್ನೊಂದು ಸ್ಥಾನಕ್ಕೆ ತಿರುಗಿಸಬೇಕೆಂದು ಅವರು ಸೂಚಿಸಿದರು. ಕೇಂದ್ರದ ನಾಯಕರಿಗಾಗಲಿ, ನೌಕೆಯ ನಾಯಕ ಕಾನ್ರಾಡರಿಗಾಗಲಿ ಆ ಗುಂಡಿ ಯಾವುದೆಂದು ನೆನಪಿಲ್ಲ. ಬೀನ್ ಅವರಿಗೆ ನೆನಪಿದ್ದಿತು. ತಿರುಗಿಸಿದೊಡನೆ ಅಂಕಿಗಳು ಸರಿಯಾಗಿ ಬರತೊಡಗಿದುವು. ಅನಂತರ ವಿದ್ಯುತ್ಕೋಶಗಳನ್ನೂ ಒಂದೊಂದಾಗಿ ಕೂಡಿಸಿಕೊಂಡರು. ಇಷ್ಟೆಲ್ಲ ನಡೆಯುತ್ತಿರುವಾಗ ರಾಕೆಟ್ಟಿನ ಸ್ವಂತ ಗಣಕವು ಬೇರೆಯ ಸ್ಥಳದಲ್ಲಿ ಬೇರೆಯಾಗಿ ಇದ್ದುದರಿಂದ, ಸಿಡಿಲನ್ನು ಸೈರಿಸಿಕೊಂಡು ದಾರಿ ತಪ್ಪದೆ ನಡೆಸಿತು. ಆ ಸೈರಣೆಯೊಂದಿಲ್ಲದಿದ್ದರೆ ಮೂವರ ಗತಿ ಏನಾಗುತ್ತಿದ್ದಿತೋ! ನವೆಂಬರ್ ೧೯ರಂದು ಅವರಲ್ಲಿ ಇಬ್ಬರು ಚಂದ್ರನ ಮೇಲಿಳಿದರು. ಮೋಡ ಕವಿದಾಗ ರಾಕೆಟ್ಟು ಹಾರಿಸುವ ನಿಯಮಗಳು ಆ ಬಳಿಕ ಬಿಗಿಯಾದುವು.

ಮೋಡವಿಲ್ಲದ ಎತ್ತರದಲ್ಲಿಯೂ ಸಿಡಿಲುಂಟೆಂದರೆ ವಾಚಕರಿಗೆ ಅಚ್ಚರಿಯಾಗಬಹುದು. ವ್ಯೋಮದಲ್ಲಿ ವೇಗವಾಗಿ ಹಾರಾಡುವ ಎಲೆಕ್ಟ್ರಾನುಗಳು ಉಪಗ್ರಹದ ಮೈಯಲ್ಲಿಯೂ ಒಳಗಿನ ನಿರೋಧಕಗಳಲ್ಲಿಯೂ ನೆಲೆಸಿ, ಕೂಡಿ ಕೂಡಿ, ಕೊನೆಗೊಮ್ಮೆ ಕಿಡಿಯಾಗಿ ಸಿಡಿಯುವುವು. ಚಳಿಗಾಲದಲ್ಲಿ ಉಣ್ಣೆಯ ಬಟ್ಟೆ ಬಿಚ್ಚುವಾಗ ಚಟಚಟನೆ ಸಿಡಿಯುವಂಥದೇ ಇದು. ೧೯೯೪ನೆಯ ಜನವರಿ ೨೦ರಂದು ಕೆನಡ ದೇಶದ ಅನಿಕ್ ಇ೧, ಅನಿಕ್ ಇ೨ ಎಂಬ ಎರಡು ಉಪಗ್ರಹಗಳು ಒಂದೇ ದಿನ ಹತೋಟಿ ತಪ್ಪಿದ್ದಕ್ಕೆ ಇದೇ ಕಾರಣವೆಂದು ಬಲ್ಲವರು ನಿರ್ಣಯಿಸಿದರು. ಮೊದಲನೆಯದು ಕೆಲವು ಗಂಟೆಗಳಲ್ಲಿ ಸರಿಹೋಯಿತು. ಎರಡನೆಯದನ್ನು ಮರಳಿ ಕೆಲಸಕ್ಕೆ ಹಚ್ಚುವುದಕ್ಕೆ ತಿಂಗಳುಗಳೇ ಹಿಡಿದುವು.

ಇನ್ನು ಆಕಾಶದ ನೆರೆಹೊರೆಯ ಒಂದು ಜಗಳ. ಭೂಮಿಯಿಂದ ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿ ದೂರದರ್ಶನದ ಉಪಗ್ರಹಗಳು ಒಂದರ ಪಕ್ಕಕ್ಕೊಂದು ತಮ್ಮ ತಮ್ಮ ಸ್ಥಾನದಲ್ಲಿ ನಿಂತಿರುತ್ತವೆ. ೨೦೧೦ನೆಯ ಏಪ್ರಿಲ್ ೫ರಂದು ಗ್ಯಾಲಕ್ಸಿ ೧೫ ಎಂಬ ಉಪಗ್ರಹವು ನೆಲದವರ ಆಜ್ಞೆಗಳಿಗೆ ಕಿವುಡಾಯಿತು; ಆದರೆ ಬಾಯಿ ಮುಚ್ಚಲಿಲ್ಲ. ತನ್ನ ಸ್ಥಾನ ಬಿಟ್ಟು ಮೆಲ್ಲನೆ ತೇಲುತ್ತ, ನೆರೆಯ ಉಪಗ್ರಹಗಳ ಎದುರು ಹಾದುಹೋಗುತ್ತ, ಅವುಗಳ ಸಂಕೇತಗಳನ್ನೇ ಹಿಡಿದು ಮತ್ತೆ ಬಿತ್ತರಿಸುವ ಭೀತಿಯನ್ನೊಡ್ಡಿತು. ನೆರೆಯ ಉಪಗ್ರಹದ ಒಡೆಯರು ತಮ್ಮದನ್ನು ಸ್ವಲ್ಪ ಸ್ವಲ್ಪವೇ ಸರಿಸಿಕೊಂಡು, ಪ್ರಸಾರ ನಿಲ್ಲದಂತೆ ಜಾಣ್ಮೆಯಿಂದ ಪಾರಾದರು. ಡಿಸೆಂಬರಿನಲ್ಲಿ ಅದರ ಬ್ಯಾಟರಿಯು ಬರಿದಾಗಿ, ಯಂತ್ರವು ತಾನಾಗಿಯೇ ಹೊಸದಾಗಿ ಆರಂಭಗೊಂಡು, ಮತ್ತೆ ಮಾತು ಕೇಳತೊಡಗಿತು.

ಇಷ್ಟೆಲ್ಲ ದೂರದ ಕಥೆಗಳು. ನಮ್ಮ ಅಡಿಗೆಮನೆಗೂ ಆಕಾಶಕ್ಕೂ ಏನು ಸಂಬಂಧವೆನ್ನುವವರಿಗೆ ಆಸ್ಟ್ರೇಲಿಯದ ಪಾರ್ಕ್ಸ್ ವೃತ್ತಾಂತವೇ ಉತ್ತರ. ೬೪ ಮೀಟರ್ ಅಗಲದ ತಟ್ಟೆಯುಳ್ಳ ಅಲ್ಲಿನ ರೇಡಿಯೋ ದೂರದರ್ಶಕವು ನಕ್ಷತ್ರಲೋಕದ ಕ್ಷೀಣ ಸಂಕೇತಗಳನ್ನು ಆಲಿಸುವುದು. ಕ್ಷಣಾರ್ಧದಲ್ಲಿ ಮಿಂಚಿ ಮಾಯವಾಗುವ ವಿಚಿತ್ರ ಸಂಕೇತಗಳು ಅದಕ್ಕೆ ಆಗಾಗ ಕೇಳಿಬರುತ್ತಿದ್ದುವು. ೧೯೯೮ರ ದಾಖಲೆಗಳಲ್ಲಿಯೂ ಅಂಥವು ಸಿಕ್ಕಿದುವು. ಬಹುದೂರದ ಬ್ರಹ್ಮಾಂಡದಿಂದ ಬರುವ ನಿಜವಾದ ಸ್ಫೋಟಗಳನ್ನು ಅದೇ ದೂರದರ್ಶಕದ ದಾಖಲೆಗಳಿಂದ ೨೦೦೭ರಲ್ಲಿ ಕಂಡುಹಿಡಿದಿದ್ದರು. ಈ ವಿಚಿತ್ರ ಸಂಕೇತಗಳು ಅವುಗಳನ್ನು ಸ್ವಲ್ಪ ಹೋಲುತ್ತಿದ್ದುದರಿಂದ, ಆ ದೊಡ್ಡ ಶೋಧದ ಮೇಲೆಯೇ ಸಂಶಯದ ನೆರಳು ಬಿದ್ದಿತು. ಆದರೆ ವಿಚಿತ್ರವೇನೆಂದರೆ, ಇವು ಕೇಳಿಸುತ್ತಿದ್ದುದು ಜನರು ಕೆಲಸ ಮಾಡುವ ಹಗಲಿನ ಹೊತ್ತಿನಲ್ಲಿಯೇ. ೨೦೧೫ರಲ್ಲಿ ರಹಸ್ಯವು ಹೊರಬಿದ್ದಿತು. ಅಲ್ಲಿನ ಸಿಬ್ಬಂದಿಯವರು ಆಹಾರ ಬಿಸಿಮಾಡುವ ಮೈಕ್ರೋವೇವ್ ಒಲೆಯ ಬಾಗಿಲನ್ನು, ಅದು ತಾನಾಗಿ ನಿಲ್ಲುವ ಮುಂಚೆಯೇ ಎಳೆದು ತೆರೆದಾಗ, ಆರುತ್ತಿರುವ ಒಲೆಯಿಂದ ಒಂದು ಗಳಿಗೆ ತರಂಗಗಳು ಹೊರಕ್ಕೆ ನುಗ್ಗುತ್ತಿದ್ದುವು! ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು. ಅಡಿಗೆಮನೆಯ ಪಾಲನ್ನು ಬೇರ್ಪಡಿಸಿದ ಮೇಲೆ ನಿಜವಾದ ಸ್ಫೋಟಗಳು ನಿಜವೆಂಬುದು ಇನ್ನಷ್ಟು ದೃಢವಾಯಿತು.

ಕಡೆಯದಾಗಿ, ಗೃಹಸ್ಥರು ಇದರಿಂದ ತಿಳಿಯತಕ್ಕದ್ದೇನು? ಎದೆಯಲ್ಲಿ ಪೇಸ್‌ಮೇಕರ್ ಇಡಿಸಿಕೊಂಡ ಹಿರಿಯರು ಈಗ ಅನೇಕ ಮನೆಗಳಲ್ಲಿದ್ದಾರೆ. ಅದು ಹೃದಯದ ಅತಿ ಸಣ್ಣ ವಿದ್ಯುತ್ಸಂಕೇತವನ್ನು ಆಲಿಸಿ, ಮಿಡಿತ ತಪ್ಪಿದಾಗ ಮಾತ್ರ ತಾನು ಮಿಡಿಯುವ ಯಂತ್ರ. ಅದರ ಸುತ್ತ ಲೋಹದ ಕವಚವೂ, ಒಳಗೆ ಶೋಧಕಗಳೂ ಇರುವುದರಿಂದ ಸೈರಣೆಯು ಅದಕ್ಕೆ ಬೇಕಾದಷ್ಟಿದೆ, ಭಯಪಡಬೇಕಾಗಿಲ್ಲ. ಆದರೆ ನಮ್ಮ ಕಡೆಯಿಂದಲೂ ದೂರವೆಂಬ ಮರ್ಯಾದೆಯನ್ನು ಸಲ್ಲಿಸಬೇಕು. ಮೊಬೈಲನ್ನು ಅದರಿಂದ ೧೫ ಸೆಂಟಿಮೀಟರ್, ಎಂದರೆ ಅರ್ಧ ಅಡಿಯಷ್ಟಾದರೂ ದೂರವಿಡಬೇಕು. ಎದೆಯ ಜೇಬಿನಲ್ಲಿ ಇಡಕೂಡದು. ಪೇಸ್‌ಮೇಕರ್ ಇಲ್ಲದ ಕಡೆಯ ಕಿವಿಗೆ ಹಿಡಿದು ಮಾತನಾಡಬೇಕು. ಕೆಲವು ಹೊಸ ಮೊಬೈಲುಗಳ ಬೆನ್ನಿನಲ್ಲಿಯೂ ಕಿವಿಗಿಡುವ ಸಾಧನಗಳ ಪೆಟ್ಟಿಗೆಯಲ್ಲಿಯೂ ಬಲವಾದ ಅಯಸ್ಕಾಂತಗಳಿರುವುದರಿಂದ ಈ ನಿಯಮವು ಅವುಗಳನ್ನು ಉಪಯೋಗಿಸದೆ ಸುಮ್ಮನಿಟ್ಟಾಗಲೂ ಅನ್ವಯಿಸುವುದು. ಇಂಡಕ್ಷನ್ ಒಲೆಯು ಉರಿಯುತ್ತಿರುವಾಗ ಅದರಿಂದ ಎರಡಡಿ ದೂರವಿರುವುದು ಮೇಲು. ಉಳಿದುದನ್ನು ಅದನ್ನಿಟ್ಟ ವೈದ್ಯರನ್ನೇ ಕೇಳಿ ತಿಳಿದುಕೊಳ್ಳುವುದು.

ಇನ್ನು ಸಾಮಾನು ಕೊಳ್ಳುವಾಗಿನ ಮಾತು. ಎಲ್‌ಇಡಿ ದೀಪದೊಳಗೂ ಮೊಬೈಲ್ ಚಾರ್ಜರಿನೊಳಗೂ ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕೂಡಿಸಿ ಕಡಿಯುವ ಮಂಡಲವೊಂದಿರುತ್ತದೆ. ಅದರ ಗದ್ದಲವನ್ನು ತಡೆಯುವ ಶೋಧಕಕ್ಕೆ ಒಂದಿಷ್ಟು ಖರ್ಚಾಗುವುದು. ತೀರ ಅಗ್ಗದ ಸಾಮಾನು ಮಾಡುವವನು ಮೊದಲು ಕೈಬಿಡುವುದು ಅದನ್ನೇ; ಏಕೆಂದರೆ ಅದಿಲ್ಲದೆಯೂ ದೀಪ ಉರಿಯುವುದು, ಕೊಂಡವನಿಗೆ ಕೊರತೆ ಕಾಣದು, ಕಷ್ಟವೆಲ್ಲ ನೆರೆಯವನ ರೇಡಿಯೋಕ್ಕೆ. ಹೊಸ ದೀಪ ಹಾಕಿದ ದಿನದಿಂದ ರೇಡಿಯೋ ಗೊರಗುಟ್ಟಿದರೆ, ಒಂದೊಂದೇ ದೀಪವನ್ನು ಆರಿಸಿ ನೋಡಿ ಅಪರಾಧಿಯನ್ನು ಹಿಡಿಯಬಹುದು. ಮಿಕ್ಸಿಯ ಗದ್ದಲವು ದಿನೇ ದಿನೇ ಹೆಚ್ಚುತ್ತಿದ್ದರೆ ಕಾರ್ಬನ್ ಬ್ರಷ್ ಸವೆದಿದೆಯೆಂದು ತಿಳಿದು ಬದಲಾಯಿಸುವುದು. ಇದರಿಂದ ರೇಡಿಯೋಕ್ಕೂ ಹಿತ, ಮಿಕ್ಸಿಗೂ ಆಯುಸ್ಸು. ರೇಡಿಯೋವನ್ನು ಚಾರ್ಜರ್, ಟೆಲಿವಿಷನ್ನುಗಳ ಪಕ್ಕದಿಂದ ನಾಲ್ಕಡಿ ಸರಿಸಿಟ್ಟರೆ ಕೆಲವು ವೇಳೆ ಅಷ್ಟರಿಂದಲೇ ಗುಣ ಕಾಣುವುದು.

ಆದಿತ್ಯ-ಎಲ್೧ ನೌಕೆಯ ಆರು ಮೀಟರ್ ಕೋಲೂ, ನಮ್ಮ ಪಡಸಾಲೆಯಲ್ಲಿ ಸರಿಸಿಟ್ಟ ರೇಡಿಯೋವಿನ ನಾಲ್ಕಡಿಯೂ ಒಂದೇ ನ್ಯಾಯವನ್ನನುಸರಿಸಿದುವು. ಶಕ್ತಿ ಹೆಚ್ಚಿದಷ್ಟೂ, ಸ್ಥಳ ಕಿರಿದಾದಷ್ಟೂ, ಕೂಡಿ ಬಾಳುವ ವಿಚಾರವನ್ನು ಮುಂಚಿತವಾಗಿಯೇ ಮಾಡಿರಬೇಕು. ಯಂತ್ರಗಳು ತಾವಾಗಿ ಆ ವಿಚಾರವನ್ನು ಮಾಡಲಾರವಾದ್ದರಿಂದ ಅವುಗಳ ಪರವಾಗಿ ಮಾಡುವ ಭಾರವು ಕಟ್ಟುವವರ ಮೇಲೂ ಕೊಳ್ಳುವವರ ಮೇಲೂ ಇದೆ. ವಾಚಕರು ಇಂದು ಸಂಜೆ ತಮ್ಮ ಮನೆಯ ಯಂತ್ರಗಳನ್ನೊಮ್ಮೆ ಎಣಿಸಿ, ಯಾವುದು ಯಾವುದರ ಪಕ್ಕದಲ್ಲಿದೆಯೆಂದು ನೋಡಿದರೆ ಈ ಲೇಖನದ ಶ್ರಮ ಸಾರ್ಥಕವೆಂದು ಭಾವಿಸುವೆವು.